ಮಳೆ ನಿಂತ ಮೇಲೆ ಮಡಿಕೇರಿ: ನಡೆದುಕೊಂಡೇ ನೋಡಬಹುದಾದ ಜಾಗ ಯಾವುವು?

ಧಾರವಾಡದ ಮಗಳು · ಸೆಪ್ಟೆಂಬರ್ 28

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಗೆ ನಾನು ಮತ್ತು ನಮ್ಮ ಅವ್ವ ಮಡಿಕೇರಿಗೆ ಬರಬೇಕು ಅಂತ ಇದ್ದೇವೆ. ಧಾರವಾಡದಿಂದ ಮೈಸೂರಿಗೆ ರೈಲು, ಅಲ್ಲಿಂದ ಬಸ್. ಸ್ವಂತ ಕಾರು ಇಲ್ಲ. ಅವ್ವನಿಗೆ 66 ವರ್ಷ. ಸಮತಟ್ಟು ದಾರಿಯಾದರೆ ಎರಡು ಮೂರು ಕಿ.ಮೀ. ಆರಾಮಾಗಿ ನಡೆಯುತ್ತಾಳೆ. ಮೆಟ್ಟಿಲು ಜಾಸ್ತಿ ಇದ್ದರೆ ಮಂಡಿ ಹಿಡಿದುಕೊಳ್ಳುತ್ತದೆ.

ಈ ಆಸೆ ಹುಟ್ಟಿದ್ದು ಒಂದು ಫೋಟೊದಿಂದ. ನನ್ನ ತಮ್ಮ ಅಮೆರಿಕದಲ್ಲಿದ್ದಾನೆ. ಪ್ರತಿ ವರ್ಷ ಈ ಹೊತ್ತಿಗೆ ಕೆಂಪು, ಹಳದಿ ಎಲೆಗಳ ಬೆಟ್ಟದ ಚಿತ್ರ ಕಳಿಸುತ್ತಾನೆ. ಅವ್ವ ಅದನ್ನು ನೋಡಿ, "ನಮ್ಮ ಕಡೆ ಹಿಂಗ ಎಲ್ಲೂ ಇರಂಗಿಲ್ಲೇನು?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ.

ಯೂಟ್ಯೂಬ್‌ನಲ್ಲಿ ನೋಡಿದರೆ ಬರೀ ಜೀಪ್, ರೆಸಾರ್ಟ್. ನಮಗೆ ಬೇಕಾಗಿರುವುದು ನಡೆಯುವ ದಾರಿ, ಕೂತು ನೋಡುವ ಜಾಗ. ಊರಿನವರು ಯಾರಾದರೂ ಇದ್ದರೆ ಹೇಳಿ.

ವಾರಾಂತ್ಯ ಸವಾರ · ಸೆಪ್ಟೆಂಬರ್ 28

ಮಾಂದಲ್‌ಪಟ್ಟಿ ಬಿಡಲೇಬೇಡಿ ಮೇಡಂ. ಊರಿಂದ ಇಪ್ಪತ್ತು ಇಪ್ಪತ್ತೈದು ಕಿ.ಮೀ. ಬೆಳಿಗ್ಗೆ ನಾಲ್ಕೂವರೆಗೆ ಜೀಪ್ ಹತ್ತಿದರೆ ಸೂರ್ಯೋದಯಕ್ಕೆ ಮೇಲಿರಬಹುದು. ಮೋಡ ಕಾಲ ಕೆಳಗೆ ಇರುತ್ತದೆ. ನಾನು ನಾಲ್ಕು ಸಲ ಹೋಗಿದ್ದೇನೆ, ಇನ್ನೂ ಸಾಕಾಗಿಲ್ಲ.

ಮಹದೇವಪೇಟೆ ವಾಸಿ · ಸೆಪ್ಟೆಂಬರ್ 29

ಮಾಂದಲ್‌ಪಟ್ಟಿ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಮಂಡಿ ನೋವು ಇರುವವರನ್ನು ಆ ದಾರಿಯಲ್ಲಿ ಜೀಪಿನಲ್ಲಿ ಕೂರಿಸಬೇಡಿ. ಕೊನೆಯ ಕೆಲವು ಕಿ.ಮೀ. ಬರೀ ಕಲ್ಲು, ಹೊಂಡ. ನನ್ನ ಅಕ್ಕನನ್ನು ಕರೆದುಕೊಂಡು ಹೋಗಿದ್ದೆ. ಎರಡು ದಿನ ಸೊಂಟ ನೋವು ಅಂತ ಮಲಗಿದ್ದಳು. ಮೇಲೆ ನೋಡಿದ್ದು ಅವಳಿಗೆ ನೆನಪೇ ಇಲ್ಲ, ದಾರಿಯ ಕುಲುಕಾಟ ಮಾತ್ರ ನೆನಪಿದೆ.

ನಾನು ಇದೇ ಊರಲ್ಲಿ ಮೂವತ್ತು ವರ್ಷ ಮೇಷ್ಟ್ರಾಗಿದ್ದವನು. ನನ್ನ ಮಾತು ಕೇಳಿ. ಮಡಿಕೇರಿಯೇ ಬೆಟ್ಟದ ಮೇಲಿದೆ, ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರ. ನೋಟ ನೋಡಲು ಊರು ಬಿಟ್ಟು ಹೋಗಬೇಕಾಗಿಲ್ಲ. ಊರಿನ ಅಂಚಿಗೆ ಬಂದರೆ ಸಾಕು, ಕಣಿವೆ ಅಲ್ಲೇ ಇದೆ.

ಮೊದಲನೇದು ರಾಜಾ ಸೀಟು. "ಅಯ್ಯೋ ಅದಾ, ಜಾತ್ರೆ ಥರ ಜನ" ಅನ್ನುತ್ತಾರೆ. ಜನ ಇರುವುದು ಸಂಜೆ. ಹಿಂದೆ ಕೊಡಗಿನ ರಾಜರು ರಾಣಿಯರ ಜೊತೆ ಇಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದರಂತೆ. ಜಾಗ ಪಡುವಣಕ್ಕೆ ಮುಖ ಮಾಡಿದೆ. ಅದಕ್ಕೇ ಎಲ್ಲರೂ ಸಂಜೆಯೇ ಬರುತ್ತಾರೆ. ನೀವು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ. ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಬಂದು ಮೊದಲು ಎದುರಿನ ಬೆಟ್ಟದ ನೆತ್ತಿಗೆ ಬೀಳುತ್ತದೆ. ಕಣಿವೆ ಇನ್ನೂ ನೆರಳಲ್ಲಿರುತ್ತದೆ. ಅದರ ತುಂಬ ಮಂಜು, ಅಲುಗಾಡದೆ ನಿಂತ ಹಾಲಿನ ಹಾಗೆ. ಬಿಸಿಲು ಇಳಿಯುತ್ತಾ ಬಂದ ಹಾಗೆ ಮಂಜಿನ ಅಂಚು ಹಿಂಜಿದ ಹತ್ತಿಯಂತೆ ಬಿಡಿಸಿಕೊಳ್ಳುತ್ತದೆ. ಒಂದು ಮರದ ತುದಿ ಕಾಣುತ್ತದೆ, ಆಮೇಲೆ ಒಂದು ಮನೆಯ ಹೆಂಚು, ಆಮೇಲೆ ರಸ್ತೆ. ಇದೆಲ್ಲ ಆಗಲು ಮುಕ್ಕಾಲು ಗಂಟೆ ಬೇಕು. ಸುಮ್ನೆ ಕೂತಿರಬೇಕು.

ಒಂದು ಗುಟ್ಟು ಹೇಳುತ್ತೇನೆ. ಹಿಂದಿನ ರಾತ್ರಿ ಆಕಾಶ ನೋಡಿ. ನಕ್ಷತ್ರ ಚೆನ್ನಾಗಿ ಕಂಡು ಗಾಳಿ ಇಲ್ಲದಿದ್ದರೆ ಅಲಾರಂ ಇಡಿ. ಮೋಡ ಇಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ, ಅದು ಇಳಿದು ಕಣಿವೆಯಲ್ಲಿ ಸೇರಿಕೊಳ್ಳುತ್ತದೆ. ಮಳೆಗಾಲದ ಪಸೆ ಇನ್ನೂ ಮಣ್ಣಲ್ಲಿರುವುದರಿಂದ ಅಲ್ಲೇ ಮಂಜು ಕಟ್ಟುತ್ತದೆ. ರಾತ್ರಿ ಮೋಡ ಮುಚ್ಚಿದ್ದರೆ ಬೆಳಿಗ್ಗೆ ನಿಮ್ಮ ಮುಖದ ಮುಂದೆಯೂ ಬಿಳಿ ಬಿಟ್ಟು ಏನೂ ಇರುವುದಿಲ್ಲ. ಅವತ್ತು ಇನ್ನೊಂದು ಗಂಟೆ ಮಲಗಿ.

ಎರಡನೇದು ಗದ್ದುಗೆ. ಊರಿನ ಬಡಗಣ ತುದಿಯಲ್ಲಿದೆ, ಮಹದೇವಪೇಟೆ ದಾಟಿ ಹೋಗಬೇಕು. ಪ್ರವಾಸಿಗಳು ಇದನ್ನು ಹಾದು ಅಬ್ಬಿ ಜಲಪಾತಕ್ಕೆ ಓಡುತ್ತಾರೆ. ಧಾರವಾಡದ ಕಡೆಯವರಿಗೆ "ಗದ್ದುಗೆ" ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಕೊಡಗನ್ನು ಆಳಿದ ಹಾಲೇರಿ ಅರಸರು ಲಿಂಗಾಯತರು. ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರ ಇಬ್ಬರ ಸಮಾಧಿಯೂ ಇಲ್ಲಿದೆ. ದೂರದಿಂದ ಗುಂಬಜ್ ನೋಡಿದರೆ ಮಸೀದಿ ಅನ್ನಿಸುತ್ತದೆ. ಹತ್ತಿರ ಹೋದರೆ ಮೂಲೆಯ ಮೇಲೆ ಬಸವ ಕೂತಿದ್ದಾನೆ. ಸುತ್ತ ಹುಲ್ಲು, ಮೆಟ್ಟಿಲು ಜಾಸ್ತಿ ಇಲ್ಲ. ದಾರಿಯಲ್ಲಿ ಏರಿಳಿತ ಇದೆ, ಹೋಗುವಾಗ ನಡೆದು ಬರುವಾಗ ಆಟೊ ಹಿಡಿಯಿರಿ.

ಕೋಟೆ ಮತ್ತು ಓಂಕಾರೇಶ್ವರ ದೇವಸ್ಥಾನ ಬಸ್ ನಿಲ್ದಾಣಕ್ಕೆ ಹತ್ತಿರ. 1681ರಲ್ಲಿ ಮುದ್ದುರಾಜ ಈ ಊರು ಕಟ್ಟಿದ. ಮುದ್ದುರಾಜನ ಕೇರಿಯೇ ಮಡಿಕೇರಿ ಆಯಿತು. ಅವನ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ. ದೇವಸ್ಥಾನ 1820ರದ್ದು, ಲಿಂಗರಾಜೇಂದ್ರ ಕಟ್ಟಿಸಿದ್ದು. ಕೊಳದ ಕಟ್ಟೆಯ ಮೇಲೆ ಕೂತರೆ ಮೀನು ನೋಡುತ್ತಾ ಒಂದು ಗಂಟೆ ಹೋಗಿದ್ದೇ ತಿಳಿಯುವುದಿಲ್ಲ.

ಕಾಫಿ ಕಣ · ಸೆಪ್ಟೆಂಬರ್ 29

ಮೇಷ್ಟ್ರು ಚೆನ್ನಾಗಿ ಹೇಳಿದ್ದಾರೆ. ನಾನು ಅವ್ವನ ಪ್ರಶ್ನೆಗೆ ಉತ್ತರ ಕೊಡುತ್ತೇನೆ.

ಕೊಡಗಿನಲ್ಲಿ ಮರ ಬಣ್ಣ ಬದಲಿಸಿ ಎಲೆ ಉದುರಿಸುವುದನ್ನು ಈ ತಿಂಗಳಲ್ಲಿ ನೋಡಲು ಸಿಗುವುದಿಲ್ಲ. ಕಾಡು ಹಸಿರಾಗೇ ಇರುತ್ತದೆ. ನಮ್ಮಲ್ಲಿ ಬಣ್ಣ ಕೆಳಗಿದೆ. ಕಾಫಿ ಗಿಡದಲ್ಲಿದೆ, ಗದ್ದೆಯಲ್ಲಿದೆ, ಬೆಟ್ಟದ ಹುಲ್ಲಿನಲ್ಲಿದೆ.

ಈಗ ನಮ್ಮ ಅರೇಬಿಕಾ ಗಿಡದಲ್ಲಿ ಕಾಯಿ ಗೊಂಚಲು ಗೊಂಚಲಾಗಿ ರೆಂಬೆಗೆ ಒತ್ತಿಕೊಂಡು ಕೂತಿವೆ. ಎಲ್ಲ ಒಟ್ಟಿಗೆ ಹಣ್ಣಾಗುವುದಿಲ್ಲ. ಒಂದೇ ಗೊಂಚಲಿನಲ್ಲಿ ಒಂದು ಕಡು ಹಸಿರು, ಪಕ್ಕದ್ದು ಹಳದಿಗೆ ತಿರುಗಿದ್ದು, ಅದರ ಪಕ್ಕ ಕುಂಕುಮದ ಕೆಂಪು. ಹಣ್ಣನ್ನು ಬೆರಳಲ್ಲಿ ಹಿಚುಕಿದರೆ ಎರಡು ಬೀಜ ಜಾರಿ ಬರುತ್ತವೆ, ಮೇಲೆ ಲೋಳೆ. ನಾಲಿಗೆಗೆ ಸಿಹಿ. ಕಾಫಿಯ ರುಚಿ ಅದರಲ್ಲಿ ಒಂದಿಷ್ಟೂ ಇಲ್ಲ. ನವೆಂಬರ್‌ನಲ್ಲಿ ಕೊಯ್ಲು ಶುರುವಾಗುತ್ತದೆ. ರೊಬಸ್ಟಾ ಆಮೇಲೆ, ಜನವರಿ ಹೊತ್ತಿಗೆ. ಕಿತ್ತಳೆಯೂ ನವೆಂಬರ್‌ನಿಂದ ಬಣ್ಣ ಹಿಡಿಯುತ್ತದೆ.

ನನ್ನ ಸಲಹೆ: ಅಕ್ಟೋಬರ್ ಬಿಟ್ಟು ನವೆಂಬರ್ ಎರಡನೇ ವಾರಕ್ಕೆ ಬನ್ನಿ. ಚಿತ್ತಾ, ಸ್ವಾತಿ ಮಳೆ ನಮ್ಮ ಕಡೆ ಮಧ್ಯಾಹ್ನದ ಮೇಲೆ ಗುಡುಗಿಕೊಂಡು ಬರುತ್ತದೆ. ಬೆಳಿಗ್ಗೆ ಬಿಸಿಲು ನೋಡಿ ಕೊಡೆ ಬಿಟ್ಟು ಹೋದವರು ಸಂಜೆ ನೆನೆದು ಬರುತ್ತಾರೆ. ನವೆಂಬರ್ ಆರರ ಹೊತ್ತಿಗೆ ಸ್ವಾತಿ ಮುಗಿಯುತ್ತದೆ. ಇಂಬಳದ (ಜಿಗಣೆ) ಕಾಟವೂ ಅಷ್ಟರಲ್ಲಿ ಕಡಿಮೆ.

ಒಂದು ಕೇಳಿಕೊಳ್ಳುವುದು ಇದೆ. ರಸ್ತೆ ಬದಿಯ ತೋಟ ಬೇಲಿ ಇಲ್ಲದಿದ್ದರೂ ಯಾರದ್ದೋ ತೋಟ. ಫೋಟೊಗೆ ಅಂತ ಒಳಗೆ ನುಗ್ಗಬೇಡಿ. ರೆಂಬೆ ಬಗ್ಗಿಸಿದರೆ ಮುಂದಿನ ವರ್ಷದ ಫಸಲೂ ಹೋಗುತ್ತದೆ. ಇನ್ನೊಂದು, ಆನೆ. ಕತ್ತಲಲ್ಲಿ ತೋಟದ ರಸ್ತೆಯಲ್ಲಿ ನಡೆಯಬೇಡಿ, ಬೆಳಕು ಹರಿದ ಮೇಲೆಯೇ ಹೊರಡಿ. ಕೆಲಸಕ್ಕೆ ಹೋಗುವವರು ಸಿಕ್ಕರೆ "ಈ ಕಡೆ ಆನೆ ಇದೆಯಾ?" ಅಂತ ಕೇಳಿ. ನಾವೂ ದಿನಾ ಕೇಳಿಕೊಂಡೇ ಹೋಗುತ್ತೇವೆ.

ವಾರಾಂತ್ಯ ಸವಾರ · ಸೆಪ್ಟೆಂಬರ್ 30

ಜೀಪಿನ ವಿಷಯ ಮೇಷ್ಟ್ರು ಹೇಳಿದ್ದು ಸರಿ, ನಾನು ಅವ್ವನ ಮಂಡಿ ಯೋಚಿಸಲಿಲ್ಲ. ಅಬ್ಬಿ ಜಲಪಾತ ಹೇಗೆ? ಊರಿಂದ ಎಂಟು ಕಿ.ಮೀ. ಅಷ್ಟೆ.

ಮಹದೇವಪೇಟೆ ವಾಸಿ · ಸೆಪ್ಟೆಂಬರ್ 30

ನವೆಂಬರ್‌ನಲ್ಲೂ ನೀರು ಚೆನ್ನಾಗಿರುತ್ತದೆ. ಆದರೆ ಇಳಿಯುವಾಗ ಸುಲಭ, ಹತ್ತುವಾಗ ಮೆಟ್ಟಿಲು. ಅವ್ವ ಮೇಲೆ ಕಾಫಿ ಕುಡಿಯುತ್ತಾ ಕೂರಬಹುದು ಅಂದರೆ ಹೋಗಿ. ಅಂದ ಹಾಗೆ ಕೊಡವ ತಕ್ಕ್‌ನಲ್ಲಿ ಅಬ್ಬಿ ಅಂದರೇನೇ ಜಲಪಾತ.

ಹತ್ತಿಹೊಳೆಯವನು · ಅಕ್ಟೋಬರ್ 1

ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಬರೆಯುತ್ತೇನೆ.

ಮಡಿಕೇರಿಯಿಂದ ಮಕ್ಕಂದೂರು, ಹತ್ತಿಹೊಳೆ, ಮಾದಾಪುರದ ಕಡೆ ರಸ್ತೆ ತುಂಬ ಚೆಂದ. ಕೋಟೆಬೆಟ್ಟಕ್ಕೆ ಹೋಗುವವರು ಇದೇ ದಾರಿಯಲ್ಲಿ ಬರುತ್ತಾರೆ. ಅಲ್ಲಿ ಕೆಲವು ಗುಡ್ಡಗಳ ಮೈಮೇಲೆ ಮೇಲಿಂದ ಕೆಳಗೆ ಉದ್ದಕ್ಕೆ ಬೇರೆ ಬಣ್ಣದ ಪಟ್ಟಿ ಕಾಣುತ್ತದೆ. ಸುತ್ತ ದೊಡ್ಡ ಮರ, ನಡುವೆ ಬರೀ ಹುಲ್ಲು, ಪೊದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ್ದು ಅಲ್ಲೇ. ಅಂಥ ಒಂದು ಪಟ್ಟಿಯ ಕೆಳಗೆ ನಮ್ಮ ಮನೆ ಇತ್ತು. ನಾವು ಹಿಂದಿನ ದಿನ ನೆಂಟರ ಮನೆಗೆ ಹೋಗಿದ್ದೆವು, ಹಾಗಾಗಿ ಉಳಿದೆವು. ಅಜ್ಜಿ ನೆಟ್ಟ ಹಲಸಿನ ಮರ, ಕೊಟ್ಟಿಗೆ, ಕಣ ಯಾವುದೂ ಈಗ ಇಲ್ಲ. ಕಣ ಎಲ್ಲಿತ್ತು ಅಂತ ನಾನೇ ಅಂದಾಜು ಮಾಡಬೇಕು.

ಹೋದ ವರ್ಷ ಅಲ್ಲಿ ನಿಂತಿದ್ದಾಗ ಒಂದು ಕಾರು ಬಂತು. ಇಳಿದವರು ಆ ಗುಡ್ಡವನ್ನು ಹಿಂದೆ ಇಟ್ಟುಕೊಂಡು ನಗುತ್ತಾ ಸೆಲ್ಫಿ ತೆಗೆದುಕೊಂಡರು. ಅವರಿಗೆ ಗೊತ್ತಿರಲಿಲ್ಲ, ನಾನೂ ಏನೂ ಹೇಳಲಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. ಬನ್ನಿ, ನೋಡಿ, ನಮ್ಮ ಊರು ನಿಜವಾಗಿಯೂ ಚೆಂದ. ಆ ಪಟ್ಟಿ ಕಂಡರೆ ಒಂದು ಕ್ಷಣ ತಿಳಿದುಕೊಂಡು ನೋಡಿ. ಮಳೆ ಜೋರಾಗಿ ಬಂದ ಮರುದಿನ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಬೇಡಿ.

ಧಾರವಾಡದ ಮಗಳು · ಅಕ್ಟೋಬರ್ 1

ಅಣ್ಣ, ನೀವು ಬರೆದದ್ದು ಒಳ್ಳೆಯದಾಯಿತು. ಅವ್ವನಿಗೆ ಓದಿ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಹುಡುಗನ ಅಜ್ಜಿ ಅದಾರೇನು, ಕೇಳು" ಅಂದಳು.

ಹತ್ತಿಹೊಳೆಯವನು · ಅಕ್ಟೋಬರ್ 2

ಇದ್ದಾರೆ ಅಕ್ಕ. ಈಗ ಕುಶಾಲನಗರದ ಹತ್ತಿರ ಇದ್ದೇವೆ. ಅಲ್ಲೂ ಒಂದು ಹಲಸು ನೆಟ್ಟಿದ್ದಾರೆ.

ನಾಲ್ಕುನಾಡು · ಅಕ್ಟೋಬರ್ 2

ಕಕ್ಕಬ್ಬೆ ಕಡೆಯಿಂದ ನಮಸ್ಕಾರ. ನಡಿಗೆ ಅಂದ ಮೇಲೆ ತಡಿಯಂಡಮೋಳ್ ಹೆಸರು ಬರಲೇಬೇಕಲ್ವಾ. 1,748 ಮೀಟರ್, ಕೊಡಗಿನಲ್ಲೇ ಎತ್ತರ. ಅವ್ವನಿಗೆ ಶಿಖರ ಬೇಡ, ಮೇಲಿನ ಏರು ಕಡಿದಾಗಿದೆ. ಆದರೆ ಬುಡದಲ್ಲಿ ನಾಲ್ಕುನಾಡು ಅರಮನೆ ಇದೆ. 1790ರ ದಶಕದಲ್ಲಿ ದೊಡ್ಡವೀರರಾಜೇಂದ್ರ ಕಾಡಿನ ಮರೆಯಲ್ಲಿ ಕಟ್ಟಿಸಿದ್ದು. ಮರದ ಕೆತ್ತನೆ, ಗೋಡೆ ಚಿತ್ರ ನೋಡಿಕೊಂಡು ಅಂಗಳದಲ್ಲಿ ಕೂತರೆ ಬೆಟ್ಟ ತಲೆ ಮೇಲೇ ಇರುತ್ತದೆ. ಗದ್ದುಗೆಯಲ್ಲಿ ಮಲಗಿರುವ ಅರಸನೇ ಕಟ್ಟಿಸಿದ ಮನೆ.

ಶಿಖರಕ್ಕೆ ಹೋಗುವ ಬೇರೆಯವರು ಇದನ್ನು ಓದುತ್ತಿದ್ದರೆ: ಅರಣ್ಯ ಇಲಾಖೆಯ "ಅರಣ್ಯ ವಿಹಾರ" ಜಾಲತಾಣದಲ್ಲಿ ಮೊದಲೇ ಬುಕ್ ಮಾಡಿಕೊಂಡು ಬನ್ನಿ. ಇಲ್ಲಿಗೆ ಬಂದು ಜಗಳ ಮಾಡಿದರೆ ಗೇಟಿನಲ್ಲಿರುವ ಹುಡುಗರು ಏನು ಮಾಡಲು ಆಗುತ್ತದೆ?

ಹಕ್ಕಿಜಾಡು · ಅಕ್ಟೋಬರ್ 4

ಬೆಟ್ಟದ ಹುಲ್ಲಿನ ಬಗ್ಗೆ ಎರಡು ಮಾತು. 2021ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಾಂದಲ್‌ಪಟ್ಟಿ, ಕೋಟೆಬೆಟ್ಟದಲ್ಲಿ ಕುರಿಂಜಿ ಅರಳಿ ಗುಡ್ಡವೇ ನೀಲಿಯಾಗಿತ್ತು. ಅದು ವರ್ಷ ವರ್ಷ ಸಿಗುವುದಿಲ್ಲ, ಆ ಆಸೆಯಲ್ಲಿ ಬರಬೇಡಿ. ಪ್ರತಿ ವರ್ಷ ಸಿಗುವುದು ಗೌರಿ ಹೂ, ಬೆಂಕಿಯ ಥರ ಮೇಲಕ್ಕೆ ಮಡಚಿದ ಎಸಳು. ಕೊಡವರು ಇದಕ್ಕೆ ತೋಕ್ ಪೂ ಅನ್ನುತ್ತಾರೆ, ಕೋವಿ ಹೂ ಅಂತ. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಇದನ್ನೇ ಸಿಕ್ಕಿಸುತ್ತಾರೆ. ನವೆಂಬರ್‌ಗೆ ಹೂ ಮುಗಿದಿರುತ್ತದೆ, ಬೆಟ್ಟದ ಹುಲ್ಲು ಹೊಂಬಣ್ಣಕ್ಕೆ ತಿರುಗಲು ಶುರುವಾಗಿರುತ್ತದೆ.

ನೀರಿನ ಹತ್ತಿರ ಎಲ್ಲಾದರೂ ಹಳದಿ ಹೊಟ್ಟೆಯ, ಬಾಲ ಕುಣಿಸುವ ಸಣ್ಣ ಹಕ್ಕಿ ಕಂಡರೆ ಅವ್ವನಿಗೆ ತೋರಿಸಿ. ಕುಂಡೆಕುಸ್ಕ. ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯಲು ಬಂದಿರುತ್ತದೆ.

ಮಸ್ಕತ್‌ನಿಂದ · ಅಕ್ಟೋಬರ್ 5

ನಾನು ಹುಟ್ಟಿದ್ದು ಗಣಪತಿ ಬೀದಿಯಲ್ಲಿ. ಇದನ್ನೆಲ್ಲ ಓದಿ ಕಣ್ಣು ತುಂಬಿತು. ದಸರಾ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಪಂಪಿನಕೆರೆಯಿಂದ ನಾಲ್ಕು ಕರಗ ಹೊರಡುವುದು, ವಿಜಯದಶಮಿ ರಾತ್ರಿಯಿಡೀ ಹತ್ತು ಮಂಟಪಗಳು ಮೆರವಣಿಗೆಯಲ್ಲಿ ಬರುವುದು. ಅಪ್ಪನ ಹೆಗಲ ಮೇಲೆ ಕೂತು ನೋಡುತ್ತಾ ನಿದ್ದೆ ಹೋಗುತ್ತಿದ್ದೆ. ಬೆಳಗಿನ ಚಳಿಯಲ್ಲಿ ಎಚ್ಚರವಾದರೆ ಕೊನೆಯ ಮಂಟಪದ ದೀಪ ಇನ್ನೂ ಉರಿಯುತ್ತಿರುತ್ತಿತ್ತು.

ಮಹದೇವಪೇಟೆ ವಾಸಿ · ಅಕ್ಟೋಬರ್ 5

ನಿಜ. ಆದರೆ ಆ ರಾತ್ರಿ ಕಾಲಿಡಲು ಜಾಗ ಇರುವುದಿಲ್ಲ. ವಯಸ್ಸಾದವರ ಜೊತೆ ನಡೆದಾಡಲು ಬರುವವರಿಗೆ ಬೇರೆ ದಿನ ಒಳ್ಳೆಯದು. ಅಕ್ಟೋಬರ್ 17ರ ಸುಮಾರಿಗೆ ಬರುವ ತುಲಾ ಸಂಕ್ರಮಣವೂ ಹಾಗೆಯೇ. ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕೆ ಜನಸಾಗರ. ಆ ದಿನಗಳಲ್ಲಿ ಗದ್ದೆಗಳಲ್ಲಿ ಕೋಲು ನೆಟ್ಟು ತಲೆಗೆ ಬಳ್ಳಿಯ ಸಿಂಬಿ ಇಟ್ಟಿರುತ್ತಾರೆ. ಬೊತ್ತ್ ಅನ್ನುತ್ತೇವೆ. ನವೆಂಬರ್‌ನಲ್ಲಿ ಬಂದರೂ ಕೆಲವು ಕಡೆ ಒಣಗಿದ ಬಳ್ಳಿ ಹಾಗೇ ಇರುತ್ತದೆ.

ತಲಕಾವೇರಿಗೆ ಹೋಗುವುದಾದರೆ ಭಾಗಮಂಡಲದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿ. ಬೆಟ್ಟಗೇರಿ, ಚೇರಂಬಾಣೆ ಕಡೆ ಗದ್ದೆ ನೋಡಬೇಕು. ಅವ್ವ ಕೇಳಿದ ಬಣ್ಣ ಅಲ್ಲಿದೆ.

ಧಾರವಾಡದ ಮಗಳು · ನವೆಂಬರ್ 19

ಹೋಗಿ ಬಂದೆವು. ಕಾಫಿ ಕಣ ಅವರ ಮಾತಿನಂತೆ ನವೆಂಬರ್ ಎರಡನೇ ವಾರ, ಸೋಮವಾರದಿಂದ ಗುರುವಾರ.

ಮೊದಲ ಬೆಳಿಗ್ಗೆ ರಾಜಾ ಸೀಟಿನಲ್ಲಿ ಏನೂ ಕಾಣಲಿಲ್ಲ. ರಾತ್ರಿ ನಕ್ಷತ್ರ ಇರಲಿಲ್ಲ, ಆದರೂ ಆಸೆಯಿಂದ ಹೋಗಿದ್ದೆವು. ಬಿಳಿ ಗೋಡೆ. ಕಂಬಿ ಹಿಡಿದರೆ ಕೈ ಒದ್ದೆ. ಎರಡನೇ ರಾತ್ರಿ ಅವ್ವನೇ ಹೊರಗೆ ಬಂದು ಮೇಲೆ ನೋಡಿ, "ಚುಕ್ಕಿ ಅದಾವ, ಅಲಾರಂ ಇಡು" ಅಂದಳು. ಮೇಷ್ಟ್ರೇ, ನೀವು ಹೇಳಿದ ಹಾಗೆಯೇ ಆಯಿತು. ಮೊದಲು ಮರದ ತುದಿ, ಆಮೇಲೆ ಹೆಂಚು. ಅವ್ವ, "ಕೆರಿ ತುಂಬಿದಂಗ ಐತಲ್ಲ" ಅಂತ ಮೆಲ್ಲಗೆ ಅಂದಳು. ಮುಕ್ಕಾಲು ಗಂಟೆ ಅಂದಿದ್ದಿರಿ, ನಾವು ಎರಡು ಗಂಟೆ ಕೂತಿದ್ದೆವು.

ಗದ್ದುಗೆಯಲ್ಲಿ ಚಪ್ಪಲಿ ಬಿಟ್ಟು ಹೊಸ್ತಿಲು ಮುಟ್ಟಿ ಹಣೆಗೆ ಒತ್ತಿಕೊಂಡಳು. ಹುಲ್ಲಿನ ಮೇಲೆ ಕೂತು ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಎದುರಿಗೆ ಊರು, ಅದರ ಹಿಂದೆ ಬೆಟ್ಟ. ನಾವಿಬ್ಬರೇ ಇದ್ದೆವು.

ಭಾಗಮಂಡಲಕ್ಕೆ ಹೋಗುವಾಗ ಚೇರಂಬಾಣೆಯಲ್ಲೇ ಇಳಿದುಬಿಟ್ಟೆವು. ಬಸ್ಸಿನಿಂದ ಗದ್ದೆ ನೋಡಿದ ಮೇಲೆ ಅವ್ವ ಕೂರಲಿಲ್ಲ. ಎರಡು ಕಡೆ ಕಾಡಿನ ಗುಡ್ಡ, ಕಪ್ಪು ಹಸಿರು. ನಡುವೆ ಹೊಳೆ ಹರಿದ ಹಾಗೆ ಗದ್ದೆ ಬಳುಕುತ್ತಾ ಹೋಗುತ್ತದೆ, ಪೂರಾ ಬಂಗಾರ. ರಸ್ತೆ ಅಂಚಿನಲ್ಲೇ ಎರಡು ಕಿ.ಮೀ. ನಡೆದೆವು. ಜೋಳದ ಹೊಲದಲ್ಲಿ ಬೆಳೆದವಳು ಅವಳು. ಒಂದು ಕಡೆ ಗದ್ದೆಯಲ್ಲಿದ್ದ ಹೆಂಗಸನ್ನು ಕೇಳಿ ಬದುವಿಗೆ ಇಳಿದಳು. ಒಂದು ತೆನೆಯನ್ನು ಕೀಳದೆ ಅಂಗೈ ಮೇಲೆ ಇಟ್ಟುಕೊಂಡು ತೂಗಿ ನೋಡಿದಳು. ಬದುವಿನ ಮೇಲೆ ಒಂದು ಕೋಲು ಇತ್ತು, ತುದಿಯಲ್ಲಿ ಒಣಗಿದ ಬಳ್ಳಿ. ಬೊತ್ತ್ ಅದೇ ಇರಬೇಕು ಅಂತ ನಾನು ಹೇಳಿದೆ, ಆ ಅಕ್ಕ ಹೌದು ಅಂದರು. ಕೊಯ್ಲು ಯಾವಾಗ ಅಂತ ಕೇಳಿದ್ದಕ್ಕೆ, "ಹುತ್ತರಿ ಆಗಬೇಕು" ಅಂದರು. ಕೊಡಗಿನ ಸುಗ್ಗಿ ಹಬ್ಬವಂತೆ.

ಅಲ್ಲಿ ತೆಗೆದ ಫೋಟೊವನ್ನು ಅವ್ವ ತಮ್ಮನಿಗೆ ಕಳಿಸಿದ್ದಾಳೆ. ತಲಕಾವೇರಿ ಈ ಸಲ ಆಗಲಿಲ್ಲ, ಅರಮನೆಯೂ ಆಗಲಿಲ್ಲ. ನಾಲ್ಕುನಾಡು ಅವರೇ, ಹುತ್ತರಿ ಯಾವತ್ತು?

ನಾಲ್ಕುನಾಡು · ನವೆಂಬರ್ 19

ನಮ್ಮ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ದಿನ ಗೊತ್ತು ಮಾಡುತ್ತಾರೆ. ಗೊತ್ತಾದ ಕೂಡಲೇ ಇಲ್ಲೇ ಹಾಕುತ್ತೇನೆ. ರಾತ್ರಿ ಗದ್ದೆಗೆ ಹೋಗಿ ಮೊದಲ ಕದಿರು ಕೊಯ್ದು ತರುತ್ತೇವೆ. ಚಳಿ ಜಾಸ್ತಿ ಇರುತ್ತದೆ, ಅವ್ವನಿಗೆ ಒಂದು ದಪ್ಪ ಸ್ವೆಟರ್ ತನ್ನಿ.